ಉಳಿದ ಮರ

ಗದಿಗೆಮ್ಮನಿಗೆ ದಣಿವು ಹೊಸದಲ್ಲ. ಗಂಡ ಸೂಗಪ್ಪನ ಜೊತೆ ಲಿಂಗಸುಗೂರು ಕಡೆಯಿಂದ ಹೈದರಾಬಾದಿಗೆ ಬಂದಾಗ ಕೊಂಡಾಪುರದಲ್ಲಿ ಬಂಡೆ, ಕುರುಚಲು, ಮೇಯುವ ಮೇಕೆ ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಆಮೇಲೆ ಕಂಪ್ಯೂಟರ್ ಕಂಪನಿಗಳು ಬಂದವು ನೋಡಿ, ಕಟ್ಟಿದ್ದೇ ಕಟ್ಟಿದ್ದು! ಬಾಂಡ್ಲಿ ಹೊತ್ತು ಹೊತ್ತು ಅವಳ ಕುತ್ತಿಗೆ ಸೋತಿತು, ಸಿಮೆಂಟಿಗೆ ಅಂಗೈ ಸುಲಿಯಿತು. ಕೊನೆಗೆ ಕೈಲಾಗದೆ ಅಲ್ಲೇ ಹತ್ತಿರದ ನರ್ಸರಿಯಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿದಳು.

ಆ ನರ್ಸರಿಯ ಸಸಿಗಳು ಊರಾಚೆಯ ಬೋಳುಗುಡ್ಡಗಳಿಗೆ ಹೋಗುತ್ತಿದ್ದವು. ಅಲ್ಲಿ ಮತ್ತೆ ಕಾಡು ಏಳಬೇಕಾದರೆ ಈ ನೆಲದ ಬಿಸಿಲು ತಿಂದು ಗೊತ್ತಿರುವ ಬೀಜವೇ ಬೇಕು. ಕಮರ ಅಂಥ ಮರ. ಬಂಡೆಯ ಸಂದಿಯಲ್ಲೂ ಬೇರು ಇಳಿಸುತ್ತದೆ, ಮಳೆ ಕೈಕೊಟ್ಟರೂ ಜಗ್ಗುವುದಿಲ್ಲ. ಆದರೆ ಬಿಗುಮಾನ ಭಾರೀ. ವರ್ಷಾ ವರ್ಷಾ ಬೀಜ ಕೊಡುವುದಿಲ್ಲ. ಕೆಲವು ವರ್ಷ ಸುಮ್ಮನಿದ್ದು ಒಮ್ಮೆ ಮೈತುಂಬ ಕಾಯಿ ಬಿಡುತ್ತದೆ. ಈಚೆಗಂತೂ ಆ ಸರದಿಯೂ ಕೆಟ್ಟಿತ್ತು. ಶಿವರಾತ್ರಿಗೆ ಮೊದಲೇ ಬಿಸಿಲು ಏರಿ ಎಳೆಗಾಯಿ ಉದುರಿಬಿಡುತ್ತಿತ್ತು. ಬುಡ ಗುಡಿಸಿ, ನರ್ಸರಿಯ ಹಳೆಯ ಬಿದಿರಿನ ಮೊರದಲ್ಲಿ ಕೇರಿ ನೋಡಿದರೆ ಎಲ್ಲ ಜೊಳ್ಳು, ಉಫ್ ಅಂದರೆ ಹಾರುವಂಥವು. "ಈ ಸಲಾನೂ ಇಷ್ಟ ಏನವ್ವಾ ನಿಂದು?" ಎಂದು ಗದಿಗೆಮ್ಮ ಅದರ ಕಾಂಡ ತಟ್ಟಿ ಬರುತ್ತಿದ್ದಳು.

ಆ ವರ್ಷ ಮಾತ್ರ ಒಂದೇ ಒಂದು ಕಮರ ಕಾಯಿ ಹಿಡಿದು ನಿಂತಿತು. ಉಳಿದವೆಲ್ಲ ಉದುರಿಸಿ ಕೂತರೂ ಇದು ಬಿಟ್ಟುಕೊಡಲಿಲ್ಲ. ಅದು ಇದ್ದದ್ದು ನರ್ಸರಿಯ ಹಿಂದಿನ ಪ್ಲಾಟಿನಲ್ಲಿ. ಪ್ಲಾಟು ಬಿಲ್ಡರನದು, ಪಾಯ ತೋಡಲು ಅವನು ತುದಿಗಾಲಲ್ಲಿ ನಿಂತಿದ್ದ. ಕಾಯಿ ಬಲಿಯಲು ಇನ್ನೂ ಕೆಲವು ವಾರ ಬೇಕಿತ್ತು. ಹಸಿಗಾಯಿ ಕಿತ್ತರೆ ಮೊಳೆಯುವುದಿಲ್ಲ.

ಆಗಷ್ಟೇ ನರ್ಸರಿಯ ಉಸ್ತುವಾರಿಗೆ ಸುಬ್ಬರಾಯರು ಬಂದಿದ್ದರು. ಮೈಸೂರು ಕಡೆಯವರು, ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಗದಿಗೆಮ್ಮ ಕನ್ನಡದವಳೆಂದು ಗೊತ್ತಾಗಿ ಅವರಿಗೆ ಹಿಗ್ಗೋ ಹಿಗ್ಗು.

"ಅಯ್ಯೋ, ನಮ್ಮೋರೇ ಸಿಕ್ಕಿದ್ರಲ್ಲಮ್ಮಾ! ಇನ್ನು ನಮಗ್ಯಾಕೆ ತೆಲುಗು?" ಅಂದರು.

ತೆಲುಗಿನಲ್ಲೇ ಇದ್ದಿದ್ದರೆ ಚೆನ್ನಾಗಿತ್ತು! ಅಲ್ಲಿ ಚೆಟ್ಟು ಅಂದರೆ ದೊಡ್ಡದು, ಮೊಕ್ಕ ಅಂದರೆ ಸಸಿ, ಯಾರಿಗೂ ಗೊಂದಲವಿಲ್ಲ. ನಮ್ಮ ಕನ್ನಡದ ಕಥೆ ಬೇರೆ. ಗದಿಗೆಮ್ಮನ ಊರಲ್ಲಿ ಆಲ, ಬೇವು, ಎಷ್ಟೇ ಎತ್ತರವಿದ್ದರೂ ಗಿಡವೇ. ಮರ ಅಂದರೆ ಕಾಳು ಕೇರುವ ಮೊರ. ಇದು ಇಬ್ಬರಿಗೂ ಹೊಳೆಯಲಿಲ್ಲ, ಹೊಳೆಯುವಷ್ಟು ಪುರುಸೊತ್ತೂ ಸಿಗಲಿಲ್ಲ.

ಸುಬ್ಬರಾಯರು ಬಿಲ್ಡರನ ಆಫೀಸಿಗೆ ಅಲೆದು, ಕಾಡಿ ಬೇಡಿ ಒಪ್ಪಿಸಿದರು. ಕುರುಚಲು ಈಗ ತೆಗೆಯುವುದು, ಕಾಯಿ ಬಲಿಯುವವರೆಗೆ ಕಮರ ಇರುವುದು. ಅಲ್ಲಿಂದಲೇ ಗದಿಗೆಮ್ಮನ ಮೊಬೈಲಿಗೆ ಫೋನ್ ಮಾಡಿದರು. ಪ್ಲಾಟಿನಲ್ಲಿ ಆಗಲೇ ಜೆಸಿಬಿ ಗುಡುಗುತ್ತಿತ್ತು. ನರ್ಸರಿಯಮ್ಮ ಹೇಳಿದಂತೆ ಮಾಡು ಎಂದು ಡ್ರೈವರನಿಗೂ ಅಪ್ಪಣೆಯಾಗಿತ್ತು.

"ಗದಿಗೆಮ್ಮಾ, ಗಿಡ ಎಲ್ಲ ತೆಗೆಸಿಬಿಡಿ. ಮರ ಒಂದನ್ನ ಹುಷಾರಾಗಿ ಉಳಿಸ್ಕೊಳ್ಳಿ."

"ಎಲ್ಲಾ ಗಿಡಾನೂ ಏನ್ರಿ ಸಾಹೇಬ್ರ?"

"ಹೂಂ ಕಣಮ್ಮಾ, ಎಲ್ಲ ಗಿಡ. ಮರಕ್ಕೆ ಮಾತ್ರ ಒಂಚೂರೂ ಏಟು ಬೀಳಬಾರದು. ನಾನೂ ಬಂದೆ."

ಮೊದಲಿನ ಗದಿಗೆಮ್ಮನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು. ಆದರೆ ಈ ಕೊಂಡಾಪುರದಲ್ಲಿ ಎಷ್ಟು ಗಿಡ ಉರುಳಿದ್ದನ್ನು ನೋಡಿದ್ದಳೋ! ಒಂದನ್ನಾದರೂ ಉಳಿಸು ಅಂದವರಿಲ್ಲ. ಇವರು ಅಂದಿರಬಹುದು ಎಂದು ಅವಳಿಗೆ ತೋಚಲೇ ಇಲ್ಲ. ಸಾಹೇಬರೂ ಸೋತರು ಅಂದುಕೊಂಡಳು. ಪಾಪ, ಆ ಹಳೆಯ ಬಿದಿರಿನ ಮೊರದ ಮೇಲಾದರೂ ಕಾಳಜಿ ಇದೆಯಲ್ಲ!

"ಅನ್ನೀ ತೀಸೇಯ್ ತಮ್ಮುಡೂ," ಎಲ್ಲ ತೆಗೆದುಬಿಡು ತಮ್ಮಾ ಎಂದು ಡ್ರೈವರನಿಗೆ ತೆಲುಗಿನಲ್ಲಿ ಹೇಳಿ, ಕಮರದ ಬುಡಕ್ಕೆ ಒರಗಿಸಿದ್ದ ಮೊರ ಎದೆಗವಚಿಕೊಂಡು ಬೇಲಿಯಾಚೆ ನಡೆದಳು. ತಿರುಗಿ ನೋಡುವ ತ್ರಾಣ ಇರಲಿಲ್ಲ. ಕಮರ ಬಿದ್ದದ್ದು ಕಾಲಡಿಯ ನೆಲ ಅದುರಿದಾಗ ಗೊತ್ತಾಯಿತು.

ಸುಬ್ಬರಾಯರು ಆಟೊದಿಂದ ಇಳಿದರು. ಮುಖದಲ್ಲಿ ಗೆದ್ದ ಕಳೆ ಇನ್ನೂ ಇತ್ತು. ಪ್ಲಾಟಿನ ಕಡೆ ನೋಡಿದರು, ನಿಂತರು.

"ಮರ ಎಲ್ಲಮ್ಮಾ?"

"ಇಲ್ಲೇ ಐತ್ರಿ. ಒಂದು ಕಡ್ಡಿ ಸೈತ ಮುರಿದಿಲ್ಲ." ಗದಿಗೆಮ್ಮ ಎರಡೂ ಕೈಯಲ್ಲಿ ಮೊರ ಮುಂದೆ ಹಿಡಿದಳು.

"ಇದಲ್ಲಮ್ಮಾ... ಕಮರ..."

"ಕಮರದ ಗಿಡಾನ್ರೀ? ಗಿಡ ಎಲ್ಲಾ ತೆಗಸು ಅಂತ ನೀವ..." ಮಾತು ಅಲ್ಲಿಗೇ ನಿಂತಿತು. "ಯವ್ವಾ, ಏನ್ ಮಾಡಿಬಿಟ್ನೆ!" ಎಂದು ಹಣೆ ಬಡಿದುಕೊಂಡು ಕುಸಿದಳು.

ಬೈಯಲೆಂದು ಸುಬ್ಬರಾಯರು ಬಾಯಿ ತೆರೆದರು. "ಚೆಟ್ಟು ಅಂದಿದ್ರೆ ಸಾಕಿತ್ತು," ಎಂದು ಅವಳ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಎದ್ದು, ಉರುಳಿದ ಕೊಂಬೆಗಳಿಂದ ಕಾಯಿ ಬಿಡಿಸತೊಡಗಿದರು. ಗದಿಗೆಮ್ಮ ಮೊರಕ್ಕೆ ತುಂಬಿಕೊಂಡು ಕೇರಿದಳು. ರಸ ತುಂಬಿದ ಹಸಿಗಾಯಿ, ಭಾರ. ಒಂದೂ ಹಾರಲಿಲ್ಲ.

"ಇವು ಮೊಳೀತಾವೇನಮ್ಮಾ?"

"ಇಲ್ರಿ," ಅಂದಳು ಗದಿಗೆಮ್ಮ. ಮತ್ತೆ ಕೇರಿದಳು.