ಕಾಟದ ಕಾಲಂ

ಅಥವಾ ಮೊದಲು ಸೀನಿದವನು ನಾನೇ ಇರಬಹುದು. ಹಾವೇರಿಯಿಂದ ಬಂದಿದ್ದ ಸಾಹೇಬರು ಸೀನಿದರು ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಕೇಳಿದವರು ನಗುತ್ತಾರೆ, ಹಾಗಾಗಿ ಅದು ಹಾಗೇ ಉಳಿದುಬಿಟ್ಟಿದೆ. ಮೆಣಸಿನಕಾಯಿ ಸೀಸನ್ನಿನ ಬ್ಯಾಡಗಿಯಲ್ಲಿ ಮೊದಲು ಯಾರು ಸೀನಿದರು ಎಂದು ಯಾರು ನೆನಪಿಡುತ್ತಾರೆ?

ಎರಡು ಸಾವಿರದ ಈಚಿನ ವರ್ಷಗಳು, ಅಷ್ಟು ಹೇಳಬಲ್ಲೆ. ರಾಣೆಬೆನ್ನೂರಿನ ಸಣ್ಣ ಕೇಂದ್ರವೊಂದರಲ್ಲಿ ನನಗೆ ವರದಿ ಬರೆಯುವ ಕೆಲಸ. ಆರು ವರ್ಷದೊಳಗಿನ ಮಕ್ಕಳು ತಾಯಂದಿರ ಕಂಕುಳಲ್ಲಿ ಅಲ್ಲಿಗೆ ಬರುತ್ತಿದ್ದರು: ಕುತ್ತಿಗೆ ನಿಲ್ಲದವರು, ನಡೆಯಲಾರದವರು, ಕರೆದರೆ ತಿರುಗದವರು. ಅವರಿಗೆ ವ್ಯಾಯಾಮ, ಆಟ, ಮಾತು ಎಲ್ಲ ಕಲಿಸುತ್ತಿದ್ದವರು ಒಬ್ಬರೇ. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು. ಗುರುವಾರ ನಾವಿಬ್ಬರೂ ಬಸ್ಸು ಹಿಡಿದು ಬ್ಯಾಡಗಿಗೆ ಹೋಗಿ ಅಲ್ಲೊಂದು ಬಾಡಿಗೆ ಕೋಣೆಯಲ್ಲಿ ಚಾಪೆ ಹಾಸುತ್ತಿದ್ದೆವು.

ಮೂರು ತಿಂಗಳಿಗೊಮ್ಮೆ ಹಾವೇರಿಯ ಸರಕಾರಿ ಕಚೇರಿಗೆ ಪ್ರಗತಿ ವರದಿ ಹೋಗಬೇಕು. ಮಗುವಿಗೊಂದು ಸಾಲು. ಕೊನೆಯ ಕಾಲಂ, ಸುಧಾರಣೆಯ ಬಗ್ಗೆ ಪಾಲಕರ ಹೇಳಿಕೆ. ಅವರ ಬಾಯಿಂದಲೇ ಕೇಳಿ ಬರೆದು, ಹೆಬ್ಬೆಟ್ಟು ಒತ್ತಿಸಬೇಕು. ಅಕ್ಕಾರು ಕಣ್ಣಾರೆ ಕಂಡದ್ದನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಆದರೆ ನಮ್ಮ ಕಡೆ ಯಾವ ತಾಯಿ ಹೊರಗಿನವರೆದುರು ತನ್ನ ಮಗು ಚೆನ್ನಾಗಿದೆ ಎನ್ನುತ್ತಾಳೆ? ಅದನ್ನು ಬರೆದು ಸರಕಾರಕ್ಕೆ ಕಳಿಸುವುದಂತೂ ದೂರದ ಮಾತು.

ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದ ಒಬ್ಬ ತಾಯಿ ಇದ್ದಳು. ಆಕೆಯ ಮೂರೂವರೆ ವರ್ಷದ ಮಗಳು ನಮ್ಮಲ್ಲಿಗೆ ಬಂದಾಗ ಕೂರುತ್ತಲೂ ಇರಲಿಲ್ಲ. ಈಗ ಗೋಡೆ ಹಿಡಿದು ಕೋಣೆಯನ್ನೆಲ್ಲ ಸುತ್ತುತ್ತಿದ್ದಳು.

"ಸುಧಾರಣಿ ಏನರ ಆಗೇತೇನ್ರಿ?" ಎಂದೆ.

"ಎಲ್ಲೀದು ಬಿಡ್ರಿ ಅಣ್ಣಾರ. ಇದ್ದಂಗ ಅದಾಳ."

"ಅಲ್ಲಿ ನೋಡ್ರಿ, ಗ್ವಾಡಿ ಹಿಡಕೊಂಡು ಹೊಂಟಾಳಲ್ಲ!"

ಆಕೆ ಓಡಿಹೋಗಿ ಸೆರಗಿನಿಂದ ಮಗಳನ್ನು ಮುಚ್ಚಿದಳು. "ಹಂಗ ಬಾಯಿಬಿಟ್ಟು ಅನಬ್ಯಾಡ್ರಿ. ನಜರ್ ಆಕ್ಕೈತಿ, ಕೂಸಿಗೆ ದೃಷ್ಟಿ ತಾಕತೈತಿ."

ಬರೆದೆ: ಸುಧಾರಣೆ ಇಲ್ಲ. ಹೆಬ್ಬೆಟ್ಟು ಬಿತ್ತು. ಬ್ಯಾಡಗಿಯ ಸಾಲುಗಳೆಲ್ಲ ಎರಡು ವರದಿಗಳಲ್ಲಿ ಹೀಗೇ ಹೋದವು. ಹಾವೇರಿಯಿಂದ ಪತ್ರ ಬಂತು. ಪ್ರಗತಿ ಇಲ್ಲದ ಬ್ಯಾಡಗಿ ಕೋಣೆಯನ್ನು ಮುಚ್ಚಬಹುದು, ಮಕ್ಕಳು ರಾಣೆಬೆನ್ನೂರಿಗೆ ಬರಲಿ. ಅದಕ್ಕೂ ಮೊದಲು ಅಧಿಕಾರಿಯೊಬ್ಬರು ಬಂದು ನೋಡುತ್ತಾರೆ.

"ಅಲ್ಲೀ ತನಕಾ ಬಂದ್ರ ನನ್ನ ಇಡೀ ದಿನದ ಕೆಲಸಾ ಹೊಕ್ಕೈತಿ," ಎಂದಳು ಆ ತಾಯಿ. "ಇಕಿನ್ನ ಕರಕೊಂಡ ಬರೂದ ಬಿಡಬೇಕಾಕ್ಕೈತ್ರಿ ಮತ್ತ."

ಮರಳುವ ಬಸ್ಸಿನಲ್ಲಿ ಅಕ್ಕಾರು ಅಂದರು: "ನೀವು ಕೇಳೂದ ತಪ್ಪೈತಿ. ಸುಧಾರಿಸ್ಯಾಳೇನು ಅನಬ್ಯಾಡ್ರಿ. ಏನ್ ಕಾಟಾ ಕೊಡ್ತಾಳ ಅಂತ ಕೇಳ್ರಿ." ಕೆಲವು ದಿನ ನನ್ನ ನೆನಪಿನಲ್ಲಿ ಈ ಮಾತು ನನ್ನದೇ ಆಗಿರುತ್ತದೆ. ಅಕ್ಕಾರ ನೆನಪಿನಲ್ಲಿ ಎಂದೂ ಹಾಗಾಗಿಲ್ಲ.

ಸಾಹೇಬರು ಬ್ಯಾಡಗಿಯ ಕೋಣೆಗೆ ಬಂದು ಕುರ್ಚಿಯಲ್ಲಿ ಕುಳಿತರು. ಅಕ್ಕಾರು ಹೇಳಿದಂತೆಯೇ ನಾನು ಕೇಳಿದೆ. ಆ ತಾಯಿಯ ಮುಖ ಅರಳಿತು.

"ಅಯ್ಯ, ಜೀವಾ ತಿಂತಾಳ್ರಿ! ಮೊದಲ ಹಾಕಿದಲ್ಲೇ ಬಿದ್ದಿರತಿದ್ಲು, ಆರಾಮ ಇತ್ತು. ಈಗ ಹೊಸ್ತಿಲಾ ದಾಟಿ ಓಣಿಗೆ ಹೊಂಟಾಳ. ನಿನ್ನಿ ಕೊಡಾ ಉಳ್ಳಿಸಿದ್ಲು. ಮೊನ್ನಿ ನಮ್ಮತ್ತಿ ಎಲಿ ಅಡಕಿ ಚೀಲಾ ಕಸಗೊಂಡ್ಲು. ಕೊಡ ಅಂದ್ರ 'ನೈ' ಅಂತಾಳ್ರಿ, ಇಷ್ಟುದ್ದದಾಕಿ!"

"ಅದೇನ್ ಬಿಡವಾ," ಎಂದಳು ಪಕ್ಕದವಳು, "ನಮ್ಮ ಹುಡುಗ ಕೋಳಿ ಬೆನ್ನ ಹತ್ತತಾನ. ಓಣ್ಯಾಗ ಮಾನಾ ಉಳದಿಲ್ಲ."

ಎಲ್ಲರೂ ಪೈಪೋಟಿಗೆ ಬಿದ್ದರು. ನನ್ನ ಕೈ ಬರೆದು ಸೋತಿತು. ಸಾಹೇಬರು ಹಾಳೆ ತಿರುವಿ ನೋಡಿದರು.

"ಏನ್ರೀ ಇದು, ಬರೇ ತಕರಾರ ಬರದೀರಿ. ಪ್ರಗತಿ ಎಲ್ಲೈತಿ?"

"ಕುಂದರಾಕ ಬರಲಾರದಾಕಿ ಓಣಿಗೆ ಹೋಗ್ಯಾಳಂತ್ರಿ ಸಾಹೇಬ್ರ," ಎಂದರು ಅಕ್ಕಾರು. "ಇನ್ನೇನ ಹಾರಬೇಕೇನ್ರಿ?"

ಆಗಲೇ ಸೀನು ಬಂದದ್ದು, ಪೆನ್ನು ಜಾರಿದ್ದು. ನಾನು ಎಲ್ಲರಿಗೂ ಹೇಳುವ ಪ್ರಕಾರ, ಸೀನಿದವರು ಸಾಹೇಬರು, ಜಾರಿದ್ದು ಅವರ ಪೆನ್ನು. ಹುಡುಗಿ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದು ಪೆನ್ನು ಎತ್ತಿಕೊಂಡಳು. ಸಾಹೇಬರು ಕೈ ಚಾಚಿದರೆ "ನೈ" ಅಂದಳು. ತಾಯಿ ಗಾಬರಿಯಿಂದ "ಇಲ್ರಿ ಸಾಹೇಬ್ರ, ಆಕಿ ಎಲ್ಲಿ ನಡೀತಾಳ!" ಎಂದು ಸೆರಗು ಹೊದಿಸಿದಳು. ಇದು ನನಗೆ ಬಹಳ ಇಷ್ಟ, ಅದಕ್ಕೇ ಪೂರ್ತಿ ನಂಬುವುದಿಲ್ಲ. ಅಕ್ಕಾರ ಪ್ರಕಾರ ಪೆನ್ನು ಕುರ್ಚಿಯ ಕೆಳಗೆ ಉರುಳಿತು. ಮಂಡಿಯೂರಿ ತೆಗೆದದ್ದು ನಾನು.

ಮುಂದಿನ ಮೂರು ತಿಂಗಳೂ ಗುರುವಾರ ಬ್ಯಾಡಗಿಯಲ್ಲಿ ಚಾಪೆ ಹಾಸಿದೆವು, ಆ ತಾಯಿಯೂ ಮಗಳನ್ನು ಕರೆತಂದಳು. ಇದಂತೂ ಖರೆ. ವರದಿ ಒಂದು ಟಿಕ್ ಗುರುತಿನೊಂದಿಗೆ ಮರಳಿತ್ತು, ಬೇರೆ ಏನೂ ಬರೆದಿರಲಿಲ್ಲ. ಸಾಹೇಬರು ಆ ಕಾಟದ ಕಾಲಂ ಓದಿ ಒಪ್ಪಿದರೋ, ಓದದೆಯೇ ಟಿಕ್ ಹಾಕಿದರೋ, ಆ ದಿನ ಅವಳು ಗೋಡೆ ಬಿಟ್ಟು ನಡೆದಳೋ ಇಲ್ಲವೋ, ನನಗೆ ಗೊತ್ತಿಲ್ಲ.