ತಿದಿ ಒತ್ತಿದ ಮೇಷ್ಟ್ರಮ್ಮ

ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಬೆನ್ನಿಗೆ ಕಬ್ಬಿಣದ ದೊಡ್ಡ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲೇ ಓಡುತ್ತಿದ್ದವು. ನನಗಾಗ ಹತ್ತೊಂಬತ್ತು. ಮಂಡ್ಯದಿಂದ ಹೊರಟು, ಹಲಗೂರಿನಿಂದ ಎರಡು ಮೈಲಿ ಒಳಗಿದ್ದ ಹಳ್ಳಿಯೊಂದರ ಹೆಣ್ಣುಮಕ್ಕಳ ಶಾಲೆಗೆ ಮೇಷ್ಟ್ರಮ್ಮನಾಗಿ ಸೇರಬೇಕಿತ್ತು. ಜೊತೆಗೆ ಬರಬೇಕಿದ್ದ ಅಪ್ಪನಿಗೆ ಹಿಂದಿನ ದಿನವೇ ಚಳಿಜ್ವರ ಬಂತು. ಒಬ್ಬಳೇ ಹೋಗುತ್ತೇನೆಂದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಪ್ಪ ಕಂಬಳಿಯೊಳಗಿಂದಲೇ, "ಹೋಗ್ಲಿ ಬುಡು. ಕೆಲ್ಸಕ್ಕೆ ಹೋಗೋಳು ದಾರೀನೂ ಕಲೀಬೇಕು" ಅಂದರು.

ಮದ್ದೂರಿನಲ್ಲಿ ಮಳವಳ್ಳಿ ಮೇಲೆ ಹಲಗೂರಿಗೆ ಹೋಗುವ ಬಸ್ಸು ಹತ್ತಿದೆ. ಪಕ್ಕದಲ್ಲಿ ನಲವತ್ತರ ಆಸುಪಾಸಿನ ಒಬ್ಬ ಮುಸಲ್ಮಾನ ಹೆಂಗಸು ಕೂತಿದ್ದರು. ಗಂಡ ಹಿಂದಿನ ಸೀಟಿನಲ್ಲಿದ್ದ. ಇಬ್ಬರೂ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು. "ಯಾವೂರ್ಗೆ ಓಯ್ತಿದ್ದೀಯವ್ವಾ?" ಎಂದು ಕೇಳಿದರು. ನಾನು ಊರಿನ ಹೆಸರಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟೆ. ಗುರುತಿಲ್ಲದವರೊಡನೆ ಮಾತಾಡಿ ನನಗೆ ಅಭ್ಯಾಸವಿರಲಿಲ್ಲ.

ನಾಲ್ಕೈದು ಮೈಲಿ ಹೋಗಿರಬೇಕು, ಒಂದು ಏರಿನಲ್ಲಿ ಬಸ್ಸು ಮುಕ್ಕರಿಸಿ ನಿಂತಿತು. ಹಿಂದಿನ ಒಲೆ ತಣ್ಣಗಾಗಿತ್ತು. ಡ್ರೈವರ್ ಇಳಿದು ಇದ್ದಿಲು ತುಂಬಿದ. ಗಾಳಿ ಊದುವ ಚಕ್ರವನ್ನು ಕಂಡಕ್ಟರ್ ಜೋರಾಗಿ ತಿರುಗಿಸುತ್ತಿದ್ದಂತೆ ಅದರ ಹಿಡಿ ಮುರಿದು ಕೈಗೇ ಬಂತು.

"ಮುಗೀತು. ಮದ್ದೂರಿಂದ ರಿಪೇರಿಯೋರು ಬರ್ಬೇಕು. ನಡ್ಕೊಂಡ್ ಓಗೋರು ಓಗಿ" ಎಂದು ಡ್ರೈವರ್ ಕೈಚೆಲ್ಲಿದ. ಕೆಲವರು ಗಂಟು ತಲೆಮೇಲಿಟ್ಟುಕೊಂಡು ಹೊರಟೇಬಿಟ್ಟರು. ನಾನು ರಸ್ತೆ ಬದಿಯಲ್ಲಿ ನನ್ನ ಟ್ರಂಕಿನ ಮೇಲೆ ಕೂತೆ. ಕಣ್ಣಲ್ಲಿ ನೀರು ತುಂಬಿತ್ತು.

ಕಲಾಯಿಯಾಕೆ ಗಂಡನಿಗೆ ಉರ್ದುವಿನಲ್ಲಿ ಏನೋ ಕೂಗಿ ಹೇಳಿದರು. ಆತ ಬಸ್ಸಿನ ಮೇಲೆ ಹತ್ತಿ ಕಲಾಯಿ ಒಲೆಗೆ ಗಾಳಿ ಊದುವ ತಮ್ಮ ತೊಗಲಿನ ತಿದಿಯನ್ನು ಇಳಿಸಿಕೊಂಡು ಬಂದ. ಡ್ರೈವರ್ ನಕ್ಕುಬಿಟ್ಟ.

"ಇದು ಬಿಂದ್ಗೆ ಅಲ್ಲ ಕಣಮ್ಮ, ಬಸ್ಸು!"

"ಬೆಂಕಿ ಯಾವ್ದಾದ್ರೂ ಬೆಂಕೀನೇ ಅಲ್ವೇನಪ್ಪ? ಗಾಳಿ ಓಗೋ ತೂತು ಎಲ್ಲದೆ, ಅದ್ನ ತೋರ್ಸು."

ಗಂಡ ತಿದಿಯ ಕೊಳವೆಯನ್ನು ತೂತಿಗೆ ಹಿಡಿದ. ಹೆಂಡತಿ ಕುಕ್ಕರುಗಾಲಲ್ಲಿ ಕೂತು ಒತ್ತತೊಡಗಿದರು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಹಿಂದಿನ ವಾರ ಕಲಾಯಿಗೆ ಕಾಯಿಸಿದ ತವರ ಸಿಡಿದು ಸುಟ್ಟಿತ್ತಂತೆ. ಸ್ವಲ್ಪ ಹೊತ್ತಿಗೆ ಅವರು ನೋವಿನಿಂದ ತುಟಿ ಕಚ್ಚುವುದು ಕಾಣಿಸಿತು. ನಾನು ಎದ್ದು ಹೋದೆ.

"ನಾನು ಒತ್ಲಾ ಅಕ್ಕ?"

ಅವರು ನನ್ನ ಮಡಿಕೆ ಮುರಿಯದ ಸೀರೆಯನ್ನೊಮ್ಮೆ ನೋಡಿ ಜರುಗಿ ಜಾಗ ಕೊಟ್ಟರು. "ಅವಸ್ರ ಬ್ಯಾಡ. ಉಸ್ರು ಎಳ್ದು ಬುಟ್ಟಂಗೆ ಒತ್ತು" ಎಂದು ನನ್ನ ಕೈಯ ಮೇಲೆ ಕೈಯಿಟ್ಟು ಲಯ ಹಿಡಿಸಿದರು. ತೋಳು ಬಿದ್ದುಹೋಗುವ ಹಾಗಾಯಿತು. ಆದರೂ ಬಿಡಲಿಲ್ಲ. ಒಲೆಯೊಳಗೆ ಮೊದಲು ಒಂದು ಕೆಂಪು ಕಣ್ಣು ತೆರೆಯಿತು, ಆಮೇಲೆ ಇದ್ದಿಲೆಲ್ಲ ನಿಗಿನಿಗಿ ಎಂದಿತು. ಎಂಜಿನ್ನು ಕೆಮ್ಮಿ ಕೆಮ್ಮಿ ಕೊನೆಗೆ ಹೊತ್ತಿಕೊಂಡಾಗ ಉಳಿದಿದ್ದ ಜನ ಹೋ ಎಂದು ಕೂಗಿದರು. ಡ್ರೈವರ್ ನನಗೆ ತನ್ನ ಪಕ್ಕದ ಮುಂದಿನ ಸೀಟು ಕೊಡಲು ಬಂದ. ನಾನು ಅಕ್ಕನ ಪಕ್ಕದಲ್ಲೇ ಕೂತೆ. ನನ್ನ ಮುಖದ ಮಸಿಯನ್ನು ಅವರು ತಮ್ಮ ಸೆರಗಿನಿಂದ ಒರೆಸಿ, ಗಂಟು ಬಿಚ್ಚಿ ಕಡಲೆಪುರಿ ಕೊಟ್ಟರು. ನಮ್ಮ ಮನೆಯಲ್ಲಿ ಯಾರೂ ಮುಸಲ್ಮಾನರ ಕೈಯಿಂದ ತಿಂದವರಲ್ಲ. ನಾನು ತಿಂದೆ. ಅಷ್ಟು ಹಸಿವಾಗಿತ್ತು, ಅಷ್ಟು ಸಂತೋಷವೂ ಆಗಿತ್ತು.

ಈಗ ನಾನೇ ಮಾತಿಗೆ ಶುರುಮಾಡಿದೆ. ನಾನು ಮೇಷ್ಟ್ರಮ್ಮ ಎಂದು ತಿಳಿದು ಅವರು ತಲೆಯಾಡಿಸಿದರು.

"ಆ ಊರ್ಗೆ ವರ್ಸಕ್ಕೆ ಎಲ್ಡು ಸಲ ಓಯ್ತೀವಿ. ಇಸ್ಕೂಲ್ ಬಾಗ್ಲೇನೋ ತಗ್ದೇ ಇರ್ತದೆ. ಎಣ್ಮಕ್ಳೇ ಬರಾಕಿಲ್ಲ."

"ಓದೋಕೆ ಇಷ್ಟ ಇಲ್ವಾ?"

"ಇಷ್ಟ ಕಟ್ಕೊಂಡು ಏನವ್ವಾ? ಅವ್ವಂದ್ರು ಗದ್ದೇಗೋದ್ರೆ ಮನೇಲಿ ಕೂಸ್ ಎತ್ಕಳೋರು ಯಾರು? ಎಣ್ಮಕ್ಳೇ ತಾನೆ?"

ನಾನು ತರಬೇತಿಯಲ್ಲಿ ಪಾಠ ಹೇಳುವ ಕ್ರಮವನ್ನು ಬಾಯಿಪಾಠ ಮಾಡಿದ್ದೆ. ಈ ಒಂದು ಮಾತನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಹಳ್ಳಿಗೆ ಹೋದ ಮೇಲೆ ಅವರು ಹೇಳಿದ್ದು ನಿಜವೆಂದು ಕಂಡಿತು. ಬಂದದ್ದು ಇಬ್ಬರೇ ಹುಡುಗಿಯರು. ಮನೆಮನೆಗೆ ಹೋದರೆ ಹೆಂಗಸರು ಮಣೆ ಕೊಟ್ಟು ಕೂರಿಸಿ, ಶಾಲೆಯ ವಿಷಯ ಎತ್ತಿದರೆ ಮರ್ಯಾದೆಯಿಂದಲೇ ಮಾತು ಬದಲಿಸುತ್ತಿದ್ದರು. ತಿಂಗಳ ಮೇಲೆ ಕಲಾಯಿಯವರು ಬಂದು ಚಾವಡಿಯ ಎದುರಿನ ಬಯಲಿನಲ್ಲಿ ಒಲೆ ಹೂಡಿದರು. ಹೆಂಗಸರು, ಹುಡುಗಿಯರು ಪಾತ್ರೆ ಹೊತ್ತು ಬಂದು ಸುತ್ತ ಕೂತರು. ಅಕ್ಕ ನನ್ನನ್ನು ಕರೆಸಿ ಪಕ್ಕಕ್ಕೆ ಕೂರಿಸಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

"ಈ ಮೇಷ್ಟ್ರಮ್ಮ ಬಸ್ಸಿಗೇ ತಿದಿ ಒತ್ತಿದ್ ಎಂಗ್ಸು ಕಣ್ರವ್ವಾ!"

ಬಯಲೆಲ್ಲ ನಗು. ನನ್ನ ಮುಂದೆ ಅವರು ಬಾಯಿಬಿಟ್ಟು ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಒಬ್ಬ ತಾಯಿ, "ಕಳಿಸ್ಬೋದು ಕಣಮ್ಮ. ಕೂಸ್ನ ಏನ್ ಮಾಡ್ಲಿ?" ಎಂದು ಕೇಳಿದಳು.

ಉತ್ತರ ಅಷ್ಟು ಹೊತ್ತಿಗೆ ನನ್ನಲ್ಲಿ ಸಿದ್ಧವಾಗಿತ್ತು. "ಕೂಸನ್ನೂ ಕರ್ಕೊಂಡ್ ಬರ್ಲಿ. ನಾನೂ ಎತ್ಕೋತೀನಿ."

ಮಾರನೆಯ ದಿನ ಹನ್ನೊಂದು ಹುಡುಗಿಯರು, ಅವರ ಕಂಕುಳಲ್ಲಿ ನಾಲ್ಕು ಕೂಸುಗಳು. ಮೂಲೆಯಲ್ಲಿ ಸೀರೆಯೊಂದರಿಂದ ತೊಟ್ಟಿಲು ಕಟ್ಟಿದೆ. ಒಂದನ್ನು ತೂಗುತ್ತ ಮಗ್ಗಿ ಹೇಳಿಸಿದೆ, ಇನ್ನೊಂದನ್ನು ಸೊಂಟದ ಮೇಲಿಟ್ಟುಕೊಂಡು ಹಲಗೆಯ ಮೇಲೆ ಬರೆದೆ. ಆ ವರ್ಷ ಬಂದ ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತು, "ಇದೇನಮ್ಮಾ, ಶಾಲೆಯೋ ಬಾಣಂತಿ ಮನೆಯೋ?" ಅಂದರು. ನಾನು ತಲೆ ತಗ್ಗಿಸಲಿಲ್ಲ. ಒಬ್ಬಳನ್ನು ಎಬ್ಬಿಸಿ ಓದು ಎಂದೆ. ಅವಳು ತಮ್ಮನನ್ನು ಎಡಗಂಕುಳಿಗೆ ಬದಲಾಯಿಸಿಕೊಂಡು, ಬಲಗೈಯಲ್ಲಿ ಪುಸ್ತಕ ಹಿಡಿದು, ಒಂದೂ ಅಕ್ಷರ ಎಡವದೆ ಇಡೀ ಪುಟ ಓದಿದಳು. ಇನ್ಸ್‌ಪೆಕ್ಟರು ಕುರ್ಚಿ ಎಳೆದುಕೊಂಡು ಕೂತು, "ಇನ್ನೊಂದು ಪುಟ ಓದು ಮಗು" ಅಂದರು.

ನನ್ನ ಮೂವತ್ತು ವರ್ಷಗಳ ನೌಕರಿಯಲ್ಲಿ ಇನ್ನೂ ದೊಡ್ಡ ಶಾಲೆಗಳಲ್ಲಿ ಕೆಲಸ ಮಾಡಿದೆ, ಶಹಭಾಸ್ ಅನ್ನಿಸಿಕೊಂಡೆ. ಆದರೂ ಹೆಮ್ಮೆಯೆಂದರೆ ನನಗೆ ನೆನಪಾಗುವುದು ಆ ಒಂದು ಕೋಣೆ. ಅದು ನನ್ನೊಬ್ಬಳ ಬುದ್ಧಿಯಿಂದ ತುಂಬಿದ್ದಲ್ಲ ಎಂಬುದೂ ಆ ಹೆಮ್ಮೆಯಲ್ಲಿ ಸೇರಿದೆ. ಅಪ್ಪನೇ ಜೊತೆಗೆ ಬಂದಿದ್ದರೆ ನಾನು ಅವರ ಪಕ್ಕ ಕೂತು, ಯಾರ ಮುಖವನ್ನೂ ನೋಡದೆ ಊರು ಸೇರಿಬಿಡುತ್ತಿದ್ದೆ.

ನಾನಲ್ಲಿದ್ದ ಐದು ವರ್ಷವೂ ಆ ದಂಪತಿ ತಪ್ಪದೆ ಬಂದರು. ತವರ ಸಿಗದೆ ಕಸುಬು ಅರ್ಧವಾದ ವರ್ಷವೂ ಬಂದರು. ಅಕ್ಕ ಒಲೆ ಹೂಡುವ ಮೊದಲು ನೇರ ಶಾಲೆಗೆ ಬಂದು, ಹೊಸಿಲಾಚೆ ನಿಂತು, ಹುಡುಗಿಯರ ತಲೆಗಳನ್ನು ಬೆರಳು ಮಡಚಿ ಎಣಿಸುತ್ತಿದ್ದರು. ಎಣಿಸಿ ಮುಗಿಸಿ ಕೇಳುತ್ತಿದ್ದರು:

"ಎಂಗದವ್ವಾ ನಮ್ ಇಸ್ಕೂಲು?"