ಗಡಿಯಾಚೆಯ ಸೀಟು

ಬೆಳಿಗ್ಗೆ ಮಡಕಶಿರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ತಳ್ಳುಗಾಡಿಯ ಮೇಲೆ ರಾಯದುರ್ಗದ ಜೀನ್ಸ್ ಹರಡಿಕೊಂಡು ನಿಂತಿದ್ದ. ಹೊಸ ನೀಲಿ ಬಟ್ಟೆಯ ಆ ಒರಟು ವಾಸನೆ ನಿಮಗೂ ಗೊತ್ತಿರಬೇಕು. ಒಂದು ಪ್ಯಾಂಟು ಎತ್ತಿ ಮೂಸುತ್ತಿದ್ದೆ. "ಸೈಜ್ ಎಷ್ಟಮ್ಮಾ?" ಎಂದ. ಸೀರೆಯುಟ್ಟ, ನನ್ನ ಗಾತ್ರದ ಹೆಂಗಸಿಗೆ ಅಂಥ ಪ್ರಶ್ನೆ ಕೇಳಿದ ಅವನ ಧೈರ್ಯ ದೊಡ್ಡದು.

ನಮ್ಮೂರು ರಾಯದುರ್ಗದಲ್ಲಿ ಆಗ ನನ್ನ ಗೆಳತಿ ರತ್ನಳ ಮನೆ ತುಂಬ ಇದೇ ವಾಸನೆ. ಅವಳಮ್ಮ ಜೀನ್ಸಿಗೆ ಜೇಬು ಹೊಲಿಯುತ್ತಿದ್ದರು. ಅರ್ಧ ಹೊಲಿದ ಪ್ಯಾಂಟುಗಳ ಗಂಟಿಗೆ ಒರಗಿ ನಾವಿಬ್ಬರೂ ಮೆಡಿಕಲ್ ಪರೀಕ್ಷೆಗೆ ಓದುತ್ತಿದ್ದೆವು. ನಿಜ ಹೇಳಬೇಕೆಂದರೆ ಓದುತ್ತಿದ್ದವಳು ಅವಳು, ನಾನು ತೂಕಡಿಸುತ್ತಿದ್ದೆ. ಗಟ್ಟಿಯಾಗಿ ಓದುವ ಅವಳ ಆ ದನಿಗೆ ಇವತ್ತಿಗೂ ಜೀವ ಹಂಬಲಿಸುತ್ತದೆ.

ಸೀಟು ರತ್ನಳಿಗೆ ಸ್ವಲ್ಪದರಲ್ಲಿ ತಪ್ಪಿತು. ಅದೇ ವರ್ಷ ಬಳ್ಳಾರಿಯಲ್ಲಿದ್ದ ಅವಳ ದೊಡ್ಡಮ್ಮನ ಮಗಳಿಗೆ ಅವಳಿಗಿಂತ ಕಡಿಮೆ ಅಂಕಕ್ಕೇ ಸಿಕ್ಕಿತು. ಇಬ್ಬರೂ ವಾಲ್ಮೀಕಿ ನಾಯಕರ ಹುಡುಗಿಯರೇ, ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಆದರೆ ಆ ಜಾತಿ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡ, ಗಡಿಯ ಈಚೆ ನಮ್ಮ ಆಂಧ್ರದಲ್ಲಿ ಹಿಂದುಳಿದ ವರ್ಗ. ನಮ್ಮ ಅಂಗಡಿಯಲ್ಲಿ ಅಪ್ಪ ಬಂದವರ ಮುಂದೆಲ್ಲ, "ಈಗ ಮೆರಿಟ್ಟಿಗೆ ಬೆಲೆ ಎಲ್ಲೈತ್ರಿ" ಎನ್ನುತ್ತಿದ್ದರು. ರತ್ನ ಮಾತ್ರ, "ಆಕೀನ ಯಾಕ ಬಯ್ಯಬೇಕಲೇ? ಅವರಪ್ಪನೂ ನಮ್ಮಪ್ಪನಂಗ ಕುರಿ ಕಾಯ್ದಾವನ. ನನಗೂ ಒಂದು ಸಿಕ್ಕಿದ್ರ ಸಾಕಿತ್ತು" ಎಂದಳು.

ಅವಳಮ್ಮ ಒಂದು ದಾರಿ ಹುಡುಕಿದರು. ಬಳ್ಳಾರಿಯಲ್ಲಿದ್ದ ತನ್ನ ತಮ್ಮನಿಗೇ ಮಗಳನ್ನು ಕೊಟ್ಟರೆ? ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. "ಅಲ್ಲಿ ಸೊಸೆ ಆದ್ರ ಅಲ್ಲೀ ಸರ್ಟಿಫಿಕೇಟೂ ಸಿಗ್ತೈತಿ. ಆಮ್ಯಾಲ ಓದ್ಕೋ" ಎಂದರು. ಓದುವ ಆಸೆಗೆ ರತ್ನ ಹಸೆಮಣೆ ಏರಿದಳು. ಆಮೇಲೆ ತಹಸೀಲ್ದಾರ್ ಕಚೇರಿಯಲ್ಲಿ, ಜಾತಿ ಲೆಕ್ಕಕ್ಕೆ ಬರುವುದು ತಂದೆಯ ಊರಿನಿಂದ, ಗಂಡನ ಊರಿನಿಂದಲ್ಲ ಎಂದರು. ಅವಳ ಓದು ಅಲ್ಲಿಗೇ ನಿಂತಿತು.

ನನ್ನ ಅಂಕವೇ? ಆ ಇಬ್ಬರಿಗಿಂತಲೂ ಕಡಿಮೆ. ಅಪ್ಪ ಡೊನೇಷನ್ ಕಟ್ಟಿದರು, ನಾನು ಡಾಕ್ಟರಾದೆ. ಆಗ ಅಂಗಡಿಯಲ್ಲಿ ಯಾರೂ ಮೆರಿಟ್ಟಿನ ಮಾತೆತ್ತಲಿಲ್ಲ. ಅಪ್ಪ ಪೇಡಾ ಹಂಚಿದರು.

ತಳ್ಳುಗಾಡಿಯ ಪಕ್ಕದಲ್ಲೇ ನಿಂತು ರತ್ನಳಿಗೆ ಫೋನ್ ಮಾಡಿದೆ. ಅವಳ ಮಗಳಿಗೆ ತಂದೆಯ ಜಾತಿ ಸರ್ಟಿಫಿಕೇಟಿನ ಮೇಲೆ ಈ ವರ್ಷ ಮೆಡಿಕಲ್ ಸೀಟು ಸಿಕ್ಕಿದೆ. ಖುಷಿಯಾಯಿತಾ ಎಂದು ಕೇಳಿದೆ.

"ಆಗದ ಇರ್ತೈತೇನು? ಆಕಿ ಹಾಸ್ಟೆಲಿಗೆ ಹೋದ್ಲು. ಪರೀಕ್ಷೆಗೆ ಓದಿದ ಪುಸ್ತಕ ಎಲ್ಲಾ ಮನ್ಯಾಗ ಅದಾವು. ಮಧ್ಯಾಹ್ನ ತಗದು ಓದ್ತೀನಿ" ಎಂದಳು. ಆಮೇಲೆ, "ಇನ್ನೂ ಎಲ್ಲಾ ತಿಳೀತಾವಲೇ" ಎಂದಳು.

ಪ್ಯಾಂಟನ್ನು ಮಡಚಿ ತಳ್ಳುಗಾಡಿಯ ಮೇಲಿಟ್ಟೆ. ಆಸ್ಪತ್ರೆಗೆ ಬಂದೆ. ಕಾಯುತ್ತಿದ್ದ ಮುದುಕಿಯೊಬ್ಬಳು "ಬನ್ನಿ ಡಾಕ್ಟ್ರಮ್ಮ" ಎಂದು ಎದ್ದು ನಿಂತಳು. ನನ್ನ ಕುರ್ಚಿಯಲ್ಲಿ ಕೂರಲು ನನಗೆ ತುಸು ಹೊತ್ತು ಹಿಡಿಯಿತು.